ಹಳ್ಳ ಹೊರೆ ಇಳಿಸಿದ ಜಾಗ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟದ ಮೈಮೇಲಿನ ಮಣ್ಣು ಆರಿರಲಿಲ್ಲ. ನಮ್ಮ ಈ ಪಾರ್ಕೂ ಇರಲಿಲ್ಲ ಹಂಸಿನಿ, ಹಳ್ಳದ ಪಕ್ಕದ ಕಾಲುದಾರಿಯೂ ಇರಲಿಲ್ಲ. ಜಾರುಬಂಡೆ ಇಲ್ಲ, ಉಯ್ಯಾಲೆ ಇಲ್ಲ. ಸೊಂಟ ನೋವಿನ ಅಜ್ಜಿಯರಂತೂ ಇರಲೇ ಇಲ್ಲ.

ಕೂತ್ಕೋ. ಆ ದಡದಲ್ಲಿ ಬರೀ ಬಂಡೆ, ಈ ದಡದಲ್ಲಿ ಮಾತ್ರ ಮರಳು ಯಾಕೆ ಅಂತ ಕೇಳಿದೆಯಲ್ಲ, ಹೇಳ್ತೀನಿ. ನನಗೂ ಕಾಲು ಸೋತಿದೆ.

ಆಗ ಬೆಟ್ಟ ಹಳ್ಳವನ್ನು ಕರೆದು ತಲೆಯ ಮೇಲೆ ಒಂದು ಹೊರೆ ಮರಳು ಹೊರಿಸಿತು. "ಇದನ್ನು ಸಮುದ್ರಕ್ಕೆ ಮುಟ್ಟಿಸು. ನಡುವೆ ಎಲ್ಲೂ ಇಳಿಸಬೇಡ" ಎಂದಿತು.

ಹಳ್ಳ ಆಗಿನ್ನೂ ಚಿಕ್ಕವಳು. ಹೂಂ ಅಂದುಬಿಟ್ಟಳು.

ನಡೆದಳು, ನಡೆದಳು. ಒಂದು ದಿನವಲ್ಲ, ಎರಡು ದಿನವಲ್ಲ. ಕತ್ತು ನೊಂದಿತು, ನೀರೆಲ್ಲ ರಾಡಿಯಾಯಿತು. ಈ ಬಯಲಿಗೆ ಬರುವಷ್ಟರಲ್ಲಿ ಒಂದು ಹೆಜ್ಜೆ ಮುಂದಿಡುವುದೂ ಕಷ್ಟವಾಯಿತು. ಒಡಲಲ್ಲಿದ್ದ ಮೀನುಮರಿಗಳು ಅಳತೊಡಗಿದವು. "ನಿಲ್ಲಬೇಡ ಅಕ್ಕಾ! ನೀನು ನಿಂತರೆ ನಾವು ಉಸಿರು ಕಟ್ಟಿ ಸಾಯ್ತೀವಿ."

ತಲೆಹೊರೆಯನ್ನು ಒಬ್ಬರೇ ಇಳಿಸಲು ಆಗುವುದಿಲ್ಲ ಮಗಾ. ನಮ್ಮೂರಲ್ಲಿ ಹೊರೆ ಹೊತ್ತವರು ಎದುರಾದರೆ ಮೊದಲು ಕೈ ಹಾಕಬೇಕು. ಊರು, ಹೆಸರು ಕೇಳುವುದೆಲ್ಲ ಆಮೇಲೆ.

"ಗಾಳಿಯಣ್ಣ, ಒಂದು ಕೈ ಹಾಕು" ಎಂದಳು ಹಳ್ಳ.

"ನನ್ನ ಕೈಗೆ ಧೂಳು ಬಿಟ್ಟರೆ ಇನ್ನೇನೂ ನಿಲ್ಲಲ್ಲ ತಂಗಿ" ಎಂದು ಗಾಳಿ ಹೊರಟೇಹೋಯಿತು.

"ಕೊಕ್ಕರೆಯಣ್ಣ, ನೀನಾದರೂ ಬಾ."

"ಇರೋದೇ ಎರಡು ಕಾಲು. ಅದರಲ್ಲಿ ಒಂದನ್ನ ಮಡಚಿ ನಿಂತಿದ್ದೀನಿ, ಕಾಣಲ್ವಾ?" ಎಂದಿತು ಕೊಕ್ಕರೆ. ಸೋಮಾರಿ! ಇವತ್ತಿಗೂ ಹಾಗೇ ನಿಂತಿದೆ ನೋಡು.

ಹಳ್ಳಕ್ಕೆ ದುಃಖ ಉಕ್ಕಿ ಬಂತು. ಆಗ ಆ ದಡದ ಬಂಡೆ ಮಾತಾಡಿತು. "ಬಾರವ್ವ. ನನಗೆ ಕೈಯಿಲ್ಲ, ಹೆಗಲಿದೆ. ಒರಗಿಕೋ."

"ಬೆಟ್ಟ ಬೈದರೆ?"

"ಅದು ಇಲ್ಲಿಗೆ ಬಂದು ನೋಡತ್ತಾ? ನನ್ನ ಹಾಗೇ ಅದೂ ಕೂತಲ್ಲೇ ಕೂತಿರೋದು."

ಹಳ್ಳ ಒರಗಿದಳು. ಮೈ ಬಾಗಿತು. ಆ ಕಡೆ ಬಂಡೆ ಅಡ್ಡ ಇದ್ದುದರಿಂದ ಹೊರೆ ಈ ದಡದ ಕಡೆಗೆ ವಾಲಿ ಮರಳು ಸರ್ರನೆ ಜಾರಿ ಬಿತ್ತು. ಪೂರ್ತಿಯಲ್ಲ, ಅರ್ಧ. ಅಷ್ಟಕ್ಕೇ ನೀರು ತಿಳಿಯಾಯಿತು, ಮೀನುಮರಿಗಳು ಬಾಲ ಆಡಿಸಿದವು. ಉಳಿದರ್ಧ ಹೊತ್ತು ಅವಳು ಮತ್ತೆ ನಡೆದಳು. ಪ್ರತಿ ಮಳೆಗಾಲಕ್ಕೂ ಬೆಟ್ಟ ಹೊಸ ಹೊರೆ ಹೊರಿಸುತ್ತದೆ. ಹೊರುವುದು ಅವಳಿಗೆ ಇವತ್ತಿಗೂ ತಪ್ಪಿಲ್ಲ, ಪಾಪ. ಇಲ್ಲಿಗೆ ಬಂದಾಗ ಬಂಡೆಗೆ ಒರಗಿ ಒಂದಿಷ್ಟು ಇಳಿಸುತ್ತಾಳೆ.

ಏಯ್, ಯಾಕೆ ಎದ್ದೆ? ಹಿಂದೆ ಬಂದು ಏನು ಮಾಡ್ತಿದ್ದೀಯೆ?

ಅಯ್ಯೋ, ನಿನ್ನ ಸ್ಕೂಲ್ ಬ್ಯಾಗು ಇನ್ನೂ ನನ್ನ ಹೆಗಲ ಮೇಲೇ ಇದೆ, ನನಗೇ ಮರೆತುಹೋಗಿತ್ತು. ನಾನು ಕೇಳುವ ಮೊದಲೇ ಕೈ ಹಾಕಿದೆಯಲ್ಲ ನನ್ನ ಕಂದಾ!

ಇಳಿಸು, ಇಲ್ಲೇ ಮರಳ ಮೇಲೆ ಇಡು. ನೀವೆಲ್ಲ ಗುಬ್ಬಿಗೂಡು ಕಟ್ಟಿ ಆಡುವ ಈ ಮರಳು, ಅವತ್ತು ಅವಳು ಇಳಿಸಿದ ಹೊರೆಯೇ.