ವೇಸ್ಟ್ ಎಂದು ಕರೆಸಿಕೊಂಡವನು

“ಗುರುಗಳೇ, ‘ವೇಸ್ಟ್’ ಎಂಬ ಇಂಗ್ಲಿಷ್ ಪದಕ್ಕೆ ಸರಿಯಾದ ಅರ್ಥವೇನು?” ಎಂದು ಮುರಿಗೆಪ್ಪ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಎಲ್ಲರೂ ಆಡುವ ಪದ. ನಿನಗೂ ಗೊತ್ತಿರಬೇಕಲ್ಲ.”

“ಆಡುವುದು ಗೊತ್ತು. ತಟ್ಟೆಯಲ್ಲಿ ಅನ್ನ ಉಳಿದರೆ ವೇಸ್ಟ್ ಅನ್ನುತ್ತೇವೆ. ಬಸ್ಸು ತಪ್ಪಿದರೆ ದಿನವೇ ವೇಸ್ಟ್ ಅನ್ನುತ್ತೇವೆ. ಆದರೆ ಇದೇ ಅರ್ಥ ಎಂದು ಬಿಡಿಸಿ ಹೇಳಲು ಹೋದರೆ ಬಾಯಿಗೆ ಬರುವುದಿಲ್ಲ.”

“ಯಾರಿಗೆ ಹೇಳಬೇಕಾಗಿದೆ?”

“ಮಗಳಿಗೆ. ದಾಕ್ಷಾಯಣಿ ಪರೀಕ್ಷೆಯಲ್ಲಿ ಮತ್ತೆ ನಪಾಸಾದಳು. ಸಿಟ್ಟಿನ ಭರದಲ್ಲಿ ‘ನೀನು ವೇಸ್ಟ್’ ಅಂದುಬಿಟ್ಟೆ. ಅವಳು ಅಳಲಿಲ್ಲ. ‘ಹಾಗಂದರೆ ಏನಪ್ಪಾ?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿನ್ನೆಯಿಂದ ಅವಳು ಯಾರೊಡನೆಯೂ ಮಾತಾಡಿಲ್ಲ. ಆ ಪದಕ್ಕೆ ಮೆತ್ತಗಿನ ಅರ್ಥ ಬೇರೆ ಯಾವುದಾದರೂ ಇದ್ದರೆ ಹೇಳಿ. ಹೋಗಿ ಸಮಾಧಾನ ಮಾಡುತ್ತೇನೆ.”

ಗುರುಗಳು ಬತ್ತಿಯನ್ನು ಕೆಳಗಿಟ್ಟು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ತಮ್ಮ. ಹೆಸರು ಬನಪ್ಪ. ಮೈ ಬೆಳೆದಷ್ಟು ಅವನ ಬುದ್ಧಿ ಬೆಳೆದಿರಲಿಲ್ಲ. ಮಗ್ಗದಲ್ಲಿ ಲಾಳಿ ಹಾಕಿ ನೇಯಲು ಬರುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ಏನು ತರಬೇಕೆಂಬುದನ್ನು ದಾರಿಯಲ್ಲೇ ಮರೆತು, ಅಂಗಡಿಯವನನ್ನೇ ಕೇಳುತ್ತಿದ್ದ.

ಅವನಿಗೆ ಬರುತ್ತಿದ್ದುದು ಒಂದೇ ಕೆಲಸ. ಸೀರೆ ನೇಯ್ದು ಕತ್ತರಿಸಿಕೊಂಡ ಮೇಲೆ ಮಗ್ಗದಲ್ಲಿ ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ತುದಿಗಳು ಗೇಣುದ್ದ ಉಳಿಯುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹಿಡಿದು, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಅದನ್ನು ಕೆಚ್ಚುವುದು ಎನ್ನುತ್ತಾರೆ. ಹಳೆಯ ತುದಿಗಳನ್ನು ಕಳೆದುಕೊಂಡರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಪೋಣಿಸುತ್ತ ಕೂರಬೇಕು. ಬನಪ್ಪ ಬೆಳಗ್ಗೆ ಕೆಚ್ಚಲು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಅವನ ಕೈಯಲ್ಲಿ ಒಂದು ಎಳೆಯೂ ಅದಲುಬದಲಾದದ್ದಿಲ್ಲ. ಅಣ್ಣ ಮಾತ್ರ ಅದನ್ನು ಕೆಲಸವೆಂದು ಎಂದೂ ಭಾವಿಸಿರಲಿಲ್ಲ. ಸೀರೆ ನೇಯುವವನು ತಾನು, ತಮ್ಮ ಉಣ್ಣುವವನು.

ಆ ಊರಿಗೆ ನೂಲಿನ ವ್ಯಾಪಾರಿಯೊಬ್ಬ ಬರತೊಡಗಿದ. ‘ವೇಸ್ಟ್’ ಎಂಬ ಪದವನ್ನು ತಂದವನು ಅವನೇ. ಸಿಕ್ಕುಗಟ್ಟಿದ ನೂಲಿಗೆ, ತುಂಡು ಎಳೆಗಳಿಗೆ ಅವನು ಹಾಗೆ ಅನ್ನುತ್ತಿದ್ದ. ಪಟ್ಟಣದ ಗ್ಯಾರೇಜುಗಳಲ್ಲಿ ಎಣ್ಣೆಯ ಕೈ ಒರೆಸಿಕೊಳ್ಳಲು ಅದು ಬೇಕಾಗುತ್ತದೆ. ವಾರಕ್ಕೊಮ್ಮೆ ಅವನ ಟೆಂಪೊ ಓಣಿಗೆ ಬರುತ್ತಿತ್ತು. ಜನ ತಮ್ಮ ತಮ್ಮ ವೇಸ್ಟನ್ನು ಮೂಟೆ ಕಟ್ಟಿ ಬಾಗಿಲ ಹೊರಗೆ ಇಡುತ್ತಿದ್ದರು. ನಿಧಾನವಾಗಿ ಪದ ಎಲ್ಲರ ಬಾಯಿಗೂ ಹತ್ತಿತು. ಮೊದಲು ನೂಲಿಗೆ ಅಂದರು. ಆಮೇಲೆ ಆರಿದ ಚಹಾಕ್ಕೆ ಅಂದರು. ಆಮೇಲೆ ಕರು ಹಾಕದ ಹಸುವಿಗೂ ಅಂದರು.

ಒಂದು ದಿನ ವ್ಯಾಪಾರಿ ನೇಕಾರನ ಮನೆಯೊಳಗೇ ಬಂದ. ಹಬ್ಬದ ಸೀರೆಗಳ ಕೆಲಸವನ್ನು ಯಾರಿಗೆ ಕೊಡಬೇಕೆಂದು ನೋಡುತ್ತಿದ್ದ. ನೇಕಾರನಿಗೆ ಆ ಕೆಲಸ ಬೇಕಿತ್ತು. ವ್ಯಾಪಾರಿಯ ಕಣ್ಣು ಮಗ್ಗದಲ್ಲಿ ಜೋತಾಡುತ್ತಿದ್ದ ತುದಿಗಳ ಮೇಲೆ ಬಿತ್ತು.

“ಇದೂ ವೇಸ್ಟ್ ಅಲ್ಲೇನಪಾ? ಕತ್ತರಿಸಿ ಮೂಟಿಗೆ ಹಾಕು” ಎಂದು ಕೈ ಚಾಚಿದ.

ಬನಪ್ಪ ಎದ್ದು ಬಂದು ಮಗ್ಗಕ್ಕೆ ಅಡ್ಡ ನಿಂತ. “ಮುಟ್ಟಬ್ಯಾಡ್ರಿ!” ಎಂದ.

ವ್ಯಾಪಾರಿಯ ಮುಖ ಬಿಗಿಯಿತು. “ಯಾರೋ ಇವ?”

ಕೆಲಸ ಕೈತಪ್ಪುತ್ತದೆಂದು ನೇಕಾರ ಹೆದರಿದ. ಹಲ್ಲು ಬಿಟ್ಟು, “ನಮ್ಮನಿ ವೇಸ್ಟ್ ರೀ ಸಾವ್ಕಾರ್ರ. ಇದನ್ನೂ ಮೂಟಿ ಕಟ್ಕೊಂಡು ಒಯ್ರಿ” ಎಂದ.

ವ್ಯಾಪಾರಿ ನಕ್ಕ. ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಎಲ್ಲರೂ ನಗುವುದನ್ನು ಕಂಡು ಬನಪ್ಪನೂ ನಕ್ಕ. ಹಬ್ಬದ ಕೆಲಸ ನೇಕಾರನಿಗೆ ಸಿಕ್ಕಿತು.

ಅಂದಿನಿಂದ ಓಣಿಯಲ್ಲಿ ಅದೇ ಅವನ ಹೆಸರಾಯಿತು. “ಏ ವೇಸ್ಟ್, ನೀರು ತಾರೋ” ಅಂದರೆ ತರುತ್ತಿದ್ದ. “ವೇಸ್ಟ್, ಉಂಡೇನೋ?” ಅಂದರೆ ಉಂಡೆ ಎನ್ನುತ್ತಿದ್ದ. ಬನಪ್ಪ ಎಂದು ಬಾಯಿ ತುಂಬ ಕರೆಯುತ್ತಿದ್ದವಳು ಅವನ ತಾಯಿಯೊಬ್ಬಳೇ. ಅವಳು ತೀರಿಹೋಗಿ ಬಹಳ ಕಾಲವಾಗಿತ್ತು. ಹೊಸಬರು ಹೆಸರು ಕೇಳಿದರೆ ಅವನು ವೇಸ್ಟ್ ಎಂದೇ ಹೇಳತೊಡಗಿದ. ಹೇಳಿದಾಗಲೆಲ್ಲ ಜನ ನಗುತ್ತಿದ್ದರು. ಜನ ನಕ್ಕರೆ ಅವನಿಗೆ ಸಂತೋಷವಾಗುತ್ತಿತ್ತು.

ಒಮ್ಮೆ ಅವನು ಅಣ್ಣನ ಪಕ್ಕ ಬಂದು ಕೂತು ಕೇಳಿದ. “ಅಣ್ಣಾ, ವೇಸ್ಟ್ ಅಂದ್ರ ಏನು?”

ನೇಕಾರ ಸೆರಗಿನ ಕೆಲಸದಲ್ಲಿದ್ದ. ತಲೆ ಎತ್ತಲಿಲ್ಲ. ಗದ್ದದಿಂದಲೇ ಮೂಲೆಯನ್ನು ತೋರಿಸಿದ. “ಅಲ್ಲಿ ಬಿದ್ದೈತಲ್ಲ, ಅದು.”

ಬನಪ್ಪ ಮೂಲೆಯಲ್ಲಿದ್ದ ತುಂಡು ನೂಲಿನ ರಾಶಿಯನ್ನು ಬಹಳ ಹೊತ್ತು ನೋಡಿದ.

ಹಬ್ಬ ಹತ್ತಿರ ಬಂತು. ಸೀರೆಗಳು ಮುಗಿದವು. ಅವುಗಳನ್ನು ಒಪ್ಪಿಸಲು ನೇಕಾರ ಹೊರಟ. ಹೊರಡುವಾಗ ತಮ್ಮನಿಗೆ, “ಮನಿ ಸ್ವಚ್ಛ ಮಾಡು. ವೇಸ್ಟ್ ಎಲ್ಲಾ ಹೊರಗಿಡು, ಗಾಡಿ ಬರತೈತಿ” ಎಂದು ಹೇಳಿದ.

ಸಂಜೆ ಬಂದು ನೋಡಿದರೆ ಮನೆ ಕನ್ನಡಿಯಂತಿತ್ತು. ಮೂಲೆ ಬರಿದಾಗಿತ್ತು. ತಮ್ಮ ಇರಲಿಲ್ಲ. ಎದುರುಮನೆಯ ಮುದುಕಿ ಹೇಳಿದಳು: “ಮೂಟಿ ಬಾಜೂಕ ಕುಂತಿದ್ದ. ಒಳಗ ಹೋಗೋ ಬಿಸಲಾಗ ಯಾಕ ಕುಂತಿ ಅಂದ್ರ, ಅಣ್ಣ ಹೊರಗಿಡು ಅಂದಾನ ಅಂದ. ಟೆಂಪೊ ಬಂತು. ಮೂಟಿ ಏರಿಸಿ ತಾನೂ ಏರಿದ. ನೀನೇ ಕಳಿಸೀ ಅಂತ ನಾ ಸುಮ್ನಾದೆ.”

ನೇಕಾರ ಒಳಗೆ ಬಂದು ಮಗ್ಗದ ಮುಂದೆ ನಿಂತ. ಹಳೆಯ ತುದಿಗಳು ಹಾಗೆಯೇ ಇದ್ದವು. ಸಿಕ್ಕಾಗದಂತೆ ಅವುಗಳನ್ನು ಬಾಚಿ, ಸಣ್ಣ ಸಣ್ಣ ಜುಟ್ಟು ಕಟ್ಟಿ ಇಡಲಾಗಿತ್ತು. ಏನನ್ನು ಎಸೆಯಬಾರದೆಂಬುದು ಬನಪ್ಪನಿಗೆ ಗೊತ್ತಿತ್ತು. ವ್ಯಾಪಾರಿ ವೇಸ್ಟ್ ಎಂದದ್ದನ್ನು ಅವನು ಎಸೆದಿರಲಿಲ್ಲ. ಅಣ್ಣ ವೇಸ್ಟ್ ಎಂದದ್ದನ್ನು ಎಸೆದಿದ್ದ.

ನೇಕಾರ ಪಟ್ಟಣಕ್ಕೆ ಓಡಿದ. ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದ. ಕೊನೆಗೆ ಮರುದಿನ ಒಂದು ಕಡೆ, ಎಣ್ಣೆ ಒರೆಸಿಕೊಳ್ಳುತ್ತಿದ್ದ ಕೈಯೊಂದರಲ್ಲಿ ತಾನೇ ನೇಯ್ದ ಸೆರಗಿನ ಕೆಂಪು ಎಳೆ ಕಂಡಿತು.

“ಇದರ ಜೋಡಿ ಒಬ್ಬ ಮನಷ್ಯಾ ಬಂದಿದ್ನೇನ್ರಿ?” ಎಂದು ಕೇಳಿದ.

“ಬಂದಿದ್ದ” ಎಂದ ಮೆಕ್ಯಾನಿಕ್. “ಮೂಟಿ ಇಳಿಸಿ ಅದರ ಮ್ಯಾಲೇ ಕುಂತ. ಯಾರಪಾ ನೀನು ಅಂದ್ರ ವೇಸ್ಟ್ ಅಂದ. ನಕ್ಕೋತ ಬಿದ್ದಿವಿ. ಇಲ್ಲಿ ವೇಸ್ಟ್ ಬಾಳ ಐತಿ, ಮುಂದ ನಡಿ ಅಂದಿವಿ. ನಡದ.”

ಅದು ಸಂತೆಯ ದಿನ. ನೇಕಾರ ಸಂತೆಯ ನಡುವೆ ನಿಂತು “ಬನಪ್ಪಾ” ಎಂದು ಕೂಗಿದ. ಯಾರೂ ತಿರುಗಲಿಲ್ಲ. ಮತ್ತೆ ಕೂಗಿದ. ಗಂಟಲು ಕಟ್ಟುವ ತನಕ ಕೂಗಿದ. ತಮ್ಮ ಆ ಹೆಸರಿಗೆ ಓಗೊಡುವುದನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ಆಗ ಅವನಿಗೆ ನೆನಪಾಯಿತು. ತಮ್ಮನನ್ನು ಕರೆಯಲು ಅವನಲ್ಲಿ ಉಳಿದಿದ್ದುದು ಒಂದೇ ಪದ. ಅದನ್ನು ಬಾಯಿಗೆ ತಂದುಕೊಳ್ಳಲು ಬಹಳ ಹೊತ್ತು ಬೇಕಾಯಿತು. ಕಣ್ಣು ಮುಚ್ಚಿಕೊಂಡು, “ವೇಸ್ಟ್!” ಎಂದು ಕೂಗಿದ.

ಕಣ್ಣು ತೆರೆದು ನೋಡಿದ. ಈ ಬಾರಿ ತಿರುಗಿ ನೋಡಿದವರಿದ್ದರು. ಹಣ್ಣಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ತಿರುಗಿದಳು. ಕೋಲೂರಿಕೊಂಡಿದ್ದ ಒಬ್ಬ ಮುದುಕ ತಿರುಗಿದ. ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ಒಬ್ಬ ಯುವಕ ಎದ್ದೇ ನಿಂತ. ಯಾವುದೋ ಮನೆಯಲ್ಲಿ ಯಾರೋ ಅವರನ್ನೂ ಹಾಗೆ ಕರೆದಿದ್ದರು.

ಅವರಲ್ಲಿ ಬನಪ್ಪ ಇರಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಆಮೇಲೆ ಸಿಕ್ಕನೇ ಗುರುಗಳೇ?” ಎಂದ ಮುರಿಗೆಪ್ಪ. “ತಮ್ಮ ಸಿಕ್ಕನೇ?”

ಗುರುಗಳು ಅವನ ಮುಖವನ್ನು ನೋಡಿ ಕೇಳಿದರು: “ನೀನು ಇಲ್ಲಿಗೆ ಹೊರಟಾಗ ಮಗಳು ಎಲ್ಲಿ ಕೂತಿದ್ದಳು?”

ಮುರಿಗೆಪ್ಪ ದಡಬಡಿಸಿ ಎದ್ದ. ಅವನು ನೋಡಿರಲಿಲ್ಲ.