ಸೊನ್ನೆ ತೋರಿಸಿದ ಮೀಟರು

ಅಕ್ಕನ ಊರಿಗೆ ಹೋಗಿ ಬಂದ ಶಿಷ್ಯನೊಬ್ಬ ಗುರುಗಳ ಮುಂದೆ ಕೂತು ಕೇಳಿದ:

“ಗುರುಗಳೇ, ಅಕ್ಕನ ಚಿಂತೆ ನನ್ನನ್ನು ಜಪಕ್ಕೆ ಕೂರಲು ಬಿಡುತ್ತಿರಲಿಲ್ಲ. ಹೋಗಿ ನೋಡಿಕೊಂಡು ಬಂದೆ. ನಗುನಗುತ್ತಲೇ ಬಡಿಸಿದಳು. ‘ಏನಾದರೂ ನೋವಿದೆಯಾ ಅಕ್ಕಾ?’ ಎಂದು ಕೇಳಿದೆ. ‘ಏನೂ ಇಲ್ಲ ಕಣೋ’ ಎಂದಳು. ಮುಖವನ್ನೂ ದಿಟ್ಟಿಸಿ ನೋಡಿದೆ, ಏನೂ ಕಾಣಲಿಲ್ಲ. ಇನ್ನು ಅವಳನ್ನು ಮನಸ್ಸಿನಿಂದ ಇಳಿಸಿಬಿಡಬಹುದಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕರೆಂಟು ಕೆಲಸದವನಿದ್ದ. ಮೋಟರು ನಿಂತರೂ ಅವನೇ, ಮನೆಯ ದೀಪ ಹೋದರೂ ಅವನೇ. ಹೆಂಡತಿಯ ತಮ್ಮ ಅವನಿಗೆ ಜೊತೆಗಾರ. ಹೆಚ್ಚು ಕಡಿಮೆ ವಾರಿಗೆಯವರು, ಒಂದೇ ತಟ್ಟೆಯಲ್ಲಿ ತಿಂದವರು. ಒಬ್ಬ ಅಳೆದು ಹೇಳಬೇಕು, ಇನ್ನೊಬ್ಬ ಕೈ ಹಾಕಬೇಕು. ಅದು ಅವರ ಕೆಲಸದ ಕಟ್ಟು. ಅಳೆಯುವವನು ಭಾವ, ಕೈ ಹಾಕುವವನು ಭಾಮೈದ. ಭಾವ ‘ಕರೆಂಟಿಲ್ಲ’ ಎಂದರೆ ಸಾಕು, ಅವನು ತಂತಿಯನ್ನು ಹೂವಿನ ದಂಡೆಯ ಹಾಗೆ ಹಿಡಿದುಬಿಡುತ್ತಿದ್ದ.

ಮೊದಲೆಲ್ಲ ಅಳೆಯುವುದಕ್ಕೆ ಒಂದು ಬಲ್ಬು, ಅದಕ್ಕೆ ಎರಡು ತುಂಡು ವೈರು. ಮುಟ್ಟಿಸಿದಲ್ಲಿ ಬಲ್ಬು ಹತ್ತಿದರೆ ಕರೆಂಟು ಉಂಟು, ಹತ್ತದಿದ್ದರೆ ಇಲ್ಲ. ಆದರೆ ಬಲ್ಬನ್ನು ನಂಬುವುದು ಹೇಗೆ? ಚೀಲದೊಳಗೆ ಕುಲುಕಿ ಅದರ ಎಳೆಯೇ ಹರಿದಿದ್ದರೆ? ಅದಕ್ಕೇ ಹಳಬರು ಒಂದು ಪದ್ಧತಿ ಇಟ್ಟಿದ್ದರು. ಮೊದಲು ಕರೆಂಟಿದೆ ಎಂದು ಗೊತ್ತಿರುವ ಕಡೆ ಮುಟ್ಟಿಸಿ ಹತ್ತಿಸಿ ನೋಡಬೇಕು. ಆಮೇಲೆ ಕೆಲಸ ಮಾಡುವ ತಂತಿಗೆ ಮುಟ್ಟಿಸಬೇಕು. ಅಲ್ಲಿ ಹತ್ತದಿದ್ದರೆ, ಮತ್ತೆ ಹೋಗಿ ಗೊತ್ತಿರುವ ಕಡೆಗೇ ಮುಟ್ಟಿಸಿ ಬರಬೇಕು. ಇವನೂ ಹಾಗೆಯೇ ಮಾಡುತ್ತಿದ್ದ.

ಒಮ್ಮೆ ಪೇಟೆಗೆ ಹೋದಾಗ ಅಂಕಿ ತೋರಿಸುವ ಮೀಟರೊಂದು ಅಗ್ಗಕ್ಕೆ ಸಿಕ್ಕಿತು. ತಂದ. ಅಗ್ಗದ ಮಾಲು ನೋಡು, ಸುಮ್ಮನೆ ನಂಬುವ ಪೈಕಿಯಲ್ಲ ಅವನು. ಗಡಿಯಾರದ ಸೆಲ್ಲು ಬಿಚ್ಚಿ ಅಳೆದ. ಗೋಡೆಯ ಪ್ಲಗ್ಗಿಗೆ ಚುಚ್ಚಿ ಅಳೆದ. ಮೋಟರಿಗೆ ತಂತಿ ಸುತ್ತುವ ಅಂಗಡಿಯವನ ಹತ್ತಿರ ದುಬಾರಿ ಮೀಟರಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ತಂತಿಗೆ ಮುಟ್ಟಿಸಿದ. ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟೇ.

“ಹೆಣ್ಣು ನೋಡಲು ಬಂದಾಗ ನನ್ನನ್ನೂ ಇಷ್ಟು ನೋಡಿರಲಿಲ್ಲ ನೀವು” ಎಂದಳು ಹೆಂಡತಿ.

“ನಿನಗೇನಾದರೂ ಮುಟ್ಟಿಸಿದ್ದರೆ ಮೀಟರೇ ಸುಟ್ಟುಹೋಗ್ತಿತ್ತು ಬಿಡಕ್ಕಾ” ಎಂದ ತಮ್ಮ. ಅವಳು ಕೈಯಲ್ಲಿದ್ದ ಸೌಟನ್ನೇ ಎತ್ತಿಕೊಂಡು ಅವನ ಮೇಲೆ ಹೋದಳು.

ಪರೀಕ್ಷೆಯಲ್ಲಿ ಮೀಟರು ಗೆದ್ದಿತು. ಬಲ್ಬು ಮೊಳೆಗೆ ತೂಗಿತು. ಬಲ್ಬಿನ ಜೊತೆ ಆ ಪದ್ಧತಿಯೂ ಮೂಲೆಗೆ ಸೇರಿತು. ಮೂಗಬಲ್ಬಿಗೆ ಬೇಕಿದ್ದ ಶಾಸ್ತ್ರ ಅಂಕಿ ಬರೆದು ತೋರಿಸುವ ಯಂತ್ರಕ್ಕೇಕೆ, ಅಂದುಕೊಂಡ. ಒಮ್ಮೆ ನೋಡಿ ತಂದದ್ದಾಯಿತಲ್ಲ!

ದಿನವೂ ಕೆಲಸ ಮುಗಿದ ಮೇಲೆ ಅದರ ವೈರನ್ನು ಮೀಟರಿಗೇ ಬಿಗಿಯಾಗಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದ. ಸುತ್ತಿ ಸುತ್ತಿ ಕೆಂಪು ವೈರಿನ ಕತ್ತಿನ ಹತ್ತಿರ ಒಳಗಿನ ತಂತಿ ಎಂದೋ ತುಂಡಾಯಿತು. ಮೇಲಿನ ರಬ್ಬರಿಗೆ ಒಂದು ಗೀರೂ ಇಲ್ಲ. ಹೊರಗಿನಿಂದ ಎಲ್ಲ ನೆಟ್ಟಗೆ.

ಹಾಗಿರುವಾಗ ಊರಿನ ರಾಗಿ ಮಿಷನ್ನು ನಿಂತಿತು. ಇಬ್ಬರೂ ಹೋದರು. ರಾಗಿ ಡಬ್ಬ ಇಟ್ಟುಕೊಂಡು ಹೆಂಗಸರು ಬಾಗಿಲ ತುಂಬ ಕೂತಿದ್ದರು.

“ಬೇಗ ಮಾಡ್ರಪ್ಪಾ, ಮಧ್ಯಾಹ್ನದ ಮುದ್ದೆಗೆ ಹಿಟ್ಟಿಲ್ಲ” ಎಂದಳು ಒಬ್ಬಳು.

“ಒಂದು ದಿನ ಅನ್ನ ಉಂಡರೆ ನಿಮ್ಮೆಜಮಾನ್ರು ಸವೆದುಹೋಗಲ್ಲ ಬಿಡಮ್ಮಾ” ಎಂದ ಭಾಮೈದ. ಬಾಗಿಲ ತುಂಬ ನಗು.

ಮೋಟರಿನ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಹಳೆಯ ಸ್ವಿಚ್ಚು. ಹಿಡಿ ಕೆಳಗೆ ಬಂತು, ಒಳಗೆ ಕರೆಂಟು ದಾಟಿಸುವ ಒಂದು ಅಲಗು ಮಾತ್ರ ಕಚ್ಚಿಕೊಂಡೇ ಉಳಿಯಿತು. ಅದು ಯಾರಿಗೆ ಕಾಣಬೇಕು? ಭಾವ ಮೀಟರು ಹಿಡಿದು ಮೋಟರಿನ ಒಂದೊಂದು ತಂತಿಗೂ ಮುಟ್ಟಿಸಿದ. ಸೊನ್ನೆ. ಇನ್ನೊಂದಕ್ಕೆ, ಸೊನ್ನೆ. ಮತ್ತೊಂದಕ್ಕೂ ಸೊನ್ನೆ.

“ಭಾವ, ಅಲ್ಲಿ ಗೋಡೆಯ ಪ್ಲಗ್ಗಿಗೊಮ್ಮೆ ಮುಟ್ಟಿಸಿ ಬರ್ತೀರಾ? ಹಳೇ ಅಭ್ಯಾಸ ನಂದು.”

“ಇಷ್ಟು ದಪ್ಪ ಸೊನ್ನೆ ಕಾಣ್ತಿಲ್ವೇನೋ ನಿನಗೆ? ಹಾಕು ಕೈ. ಜನ ಕಾಯ್ತಿದ್ದಾರೆ.”

ಅವನು ಕೈ ಹಾಕಿದ. ಭಾವನ ಮಾತಲ್ಲವೇ.

ಅವನು ಕೂಗಲೂ ಇಲ್ಲ. ಭಾವ ಒಣ ಕೋಲು ಹುಡುಕಿ ಬಿಡಿಸುವಷ್ಟರಲ್ಲಿ ಅವನಿರಲಿಲ್ಲ.

ಊರೆಲ್ಲ ಬಂತು. ‘ಅವನ ಋಣ ಅಷ್ಟೇ ಇತ್ತು’ ಎಂದಿತು ಊರು. ‘ಅಗ್ಗದ ಸಾಮಾನು ನಂಬಿದರೆ ಇಷ್ಟೇ’ ಎಂದರು ಕೆಲವರು. ಭಾವನಿಗೆ ಎರಡು ಮಾತೂ ಹಿಡಿಸಲಿಲ್ಲ. ಕೊಂಡ ದಿನ ತಾನೇ ನೋಡಿದ್ದನಲ್ಲ, ಅದು ಸುಳ್ಳು ಹೇಳುವ ಮೀಟರಾಗಿರಲಿಲ್ಲ.

ಕರ್ಮಾಂತರ ಕಳೆದು ನೆಂಟರೆಲ್ಲ ಹೊರಟ ಮೇಲೆ ಅವನು ಚೀಲದಿಂದ ಮೀಟರು ತೆಗೆದ. ನಡುಮನೆಯಲ್ಲಿ ಕೂತು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ದೇವರ ಮುಂದೆ ಕೆಂಪು ಬಲ್ಬು ಉರಿಯುತ್ತಿತ್ತು. ಮೀಟರು ಸೊನ್ನೆ ತೋರಿಸಿತು. ತೆಗೆದು ಮತ್ತೆ ಚುಚ್ಚಿದ. ಸೊನ್ನೆಯೇ. ಅಂಕಿ ಸ್ವಚ್ಛವಾಗಿತ್ತು, ಒಂದಿಷ್ಟೂ ಅಲುಗಲಿಲ್ಲ.

ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು.

“ಏನಂತದೆ ಅದು?”

“ಏನೂ ಇಲ್ಲ ಅಂತದೆ.”

ಅವಳು ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ಗಂಡನ ಮುಖ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟಳು.

ಆಮೇಲೆ ಅವನು ಕರೆಂಟಿನ ಕೆಲಸಕ್ಕೆ ಹೋಗಲಿಲ್ಲ. ಅಳೆದು ಹೇಳುವ ಬಾಯಿ ಇದ್ದೂ ಏನು, ಕೈ ಹಾಕುವವನೇ ಇಲ್ಲವಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಹೇಳಿದ: “ಪಾಪ. ಆದರೆ ಅದರ ವೈರು ಒಳಗೇ ತುಂಡಾಗಿತ್ತಲ್ಲ ಗುರುಗಳೇ. ನನ್ನ ಕಣ್ಣು ನೆಟ್ಟಗಿದೆ. ನಾನು ಚೆನ್ನಾಗಿಯೇ ನೋಡಿದೆ.”

ಗುರುಗಳು ಅವನ ಕಡೆ ತಿರುಗಿ ಕೇಳಿದರು:

“ಅಕ್ಕನ ಊರಿಗೆ ಹೋಗುವ ದಾರಿಯಲ್ಲಿ ನೋವಿದೆ ಎಂದು ಗೊತ್ತಿರುವ ಯಾರ ಮುಖದಲ್ಲಾದರೂ ಆ ಕಣ್ಣಿಗೆ ನೋವು ಕಂಡಿತ್ತೇ, ಮಗು?”