ಎಮ್ಮೆಬಂಡೆಗೆ ಬೆನ್ನು

ಹೊಳೆಯ ನಡುಗಡ್ಡೆಯ ಮೇಲೆ ಗಂಗಣ್ಣ ತಾತನ ಆಶ್ರಮ. ಸುತ್ತ ನಲವತ್ತು ಮನೆ. ಆಚೆ ದಡಕ್ಕೆ ಹೋಗಬೇಕೆಂದರೆ ಆಶ್ರಮದ ದೋಣಿಯೇ ಗತಿ.

ತಾತ ಮಂತ್ರ ಕಲಿಸಿದವರಲ್ಲ, ಹುಟ್ಟು ಹಾಕುವುದನ್ನು ಕಲಿಸಿದವರು. ಹನುಮೇಶ ಆರು ವರ್ಷದಿಂದ ಅವರ ಬಳಿ ಅದನ್ನೇ ಕಲಿಯುತ್ತಿದ್ದ.

ಆ ಗಡ್ಡೆಯಲ್ಲಿ ಒಂದು ಪದ್ಧತಿ ಇತ್ತು. ಶಿಷ್ಯನ ಕೈಯನ್ನು ನಂಬಿದ ದಿನ ಗುರು ದೋಣಿಯಲ್ಲಿ ಹೋಗುವ ದಾರಿಗೆ ಬೆನ್ನು ಹಾಕಿ, ಶಿಷ್ಯನಿಗೆ ಮುಖ ಮಾಡಿ ಕೂರುತ್ತಾನೆ. ಅವತ್ತು ಹೆಸರು ಬಿಟ್ಟು ‘ಅಂಬಿಗ’ ಎಂದು ಕರೆಯುತ್ತಾನೆ. ಅಲ್ಲಿಂದ ಮುಂದೆ ನಲವತ್ತು ಮನೆಯ ಜೀವ ಆ ಶಿಷ್ಯನ ಕೈಯಲ್ಲಿ.

ಆರು ವರ್ಷವೂ ತಾತ ದಾರಿಗೆ ಮುಖ ಮಾಡಿಯೇ ಕೂತರು. ‘ಹನುಮೇಶಾ’ ಎಂದೇ ಕರೆದರು. ಹುಡುಗಾಟದ ವಯಸ್ಸು ದಾಟಿದ್ದ ಹನುಮೇಶನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಹೋದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ದಾಟಿಸುವುದು ತಡವಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಈ ಮಳೆಗಾಲಕ್ಕೆ ಮೊದಲು ಜೋರಾಗಿ ಓಡುವ ಬೋಟು ಬೇಕೇ ಬೇಕು ಎಂದು ಊರೆಲ್ಲ ಒಂದೇ ಮಾತಾಯಿತು. ಆದರೆ ಹೊಳೆ ತುಂಬ ಬಂಡೆ. ತಳದಲ್ಲಿ ಫ್ಯಾನು ತಿರುಗುವ ಬೋಟು ಅಲ್ಲಿ ವಾರವೂ ಬಾಳದು.

ಆಗ ಅಣೆಕಟ್ಟಿನ ಕೆಳಗೆ ಒಂದು ಹಳೆಯ ಜೆಟ್ ಬೋಟು ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಅದಕ್ಕೆ ಹೊರಗೆ ಫ್ಯಾನಿಲ್ಲ. ಹೊಟ್ಟೆಯ ಕೆಳಗಿಂದ ನೀರು ಹೀರಿ, ಹಿಂದಿನಿಂದ ಚಿಮ್ಮಿಸಿ ಓಡುತ್ತದೆ. ಮೊಣಕಾಲುದ್ದ ನೀರಿದ್ದರೂ ಸಾಕು.

“ನೀನ ನೋಡು,” ಎಂದರು ತಾತ. “ನೀ ಒಪ್ಪಿದ್ರ ತಗೊಳ್ಳೋಣು.”

ಹನುಮೇಶನ ಎದೆ ಉಬ್ಬಿತು. ಆಶ್ರಮಕ್ಕೆ ಬರುವ ಮುಂಚೆ ಅವನು ಮೋಟಾರು ಕೆಲಸ ಕಲಿತಿದ್ದವನು. ನೋಡಬೇಕಾದ ಇಪ್ಪತ್ತೆರಡು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೊರಟ.

ಬೋಟಿನ ಒಡತಿ ದುರುಗಮ್ಮ. ಹತ್ತು ವರ್ಷ ಅದರಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿದವಳು. ಈಗ ಬಲ ಭುಜ ಸೋತಿತ್ತು. ಬೋಟನ್ನು ಮರಳಿಗೆ ಎಳೆಸಿ, ದಿಮ್ಮಿಗಳ ಮೇಲೆ ಏರಿಸಿ, ಹೆಣ್ಣು ನೋಡಲು ಬಂದವರೆದುರು ಮಗಳನ್ನು ನಿಲ್ಲಿಸಿಕೊಂಡವಳಂತೆ ಅದರ ಪಕ್ಕ ನಿಂತಿದ್ದಳು.

ಹನುಮೇಶ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ. ಅಂಗಾತ ಮಲಗಿ ತಳದ ಬೆಸುಗೆಗಳ ಮೇಲೆ ಬೆರಳಾಡಿಸಿದ. ನೀರು ಹೀರುವ ಜಾಲರಿಯ ಕಂಬಿಗಳನ್ನು ಒಂದೊಂದಾಗಿ ಅಲ್ಲಾಡಿಸಿದ. ಒಳಗಿನ ಫ್ಯಾನಿಗೆ ಬ್ಯಾಟರಿ ಬೆಳಕು ಬಿಟ್ಟು ಕಲ್ಲು ತಾಗಿದ ಗುರುತು ಹುಡುಕಿದ. ಎಂಜಿನ್ ಆಯಿಲ್ ಬೆಳ್ಳಗಾಗಿದೆಯೇ, ಅದರಲ್ಲಿ ನೀರು ಬೆರೆತಿದೆಯೇ ಎಂದು ಬಿಳಿ ಬಟ್ಟೆಗೆ ಒರೆಸಿ ನೋಡಿದ.

ತಾತ ಹುಣಸೆ ಮರದ ನೆರಳಲ್ಲಿ ಕೂತು ದುರುಗಮ್ಮ ಕೊಟ್ಟ ಚಹಾ ಕುಡಿದರು. ಬೋಟಿನ ಕಡೆ ತಿರುಗಿಯೂ ನೋಡಲಿಲ್ಲ.

“ಇಪ್ಪತ್ತೊಂದು ನೋಡೀನ್ರಿ ತಾತ. ಒಂದೂ ದೋಷ ಇಲ್ಲ,” ಎಂದ ಹನುಮೇಶ. “ಓಡಿಸಿ ನೋಡೋದೊಂದು ಬಾಕಿ.”

ಬೋಟನ್ನು ನೀರಿಗಿಳಿಸಿದರು. ಹನುಮೇಶ ಸ್ಟೇರಿಂಗ್ ಹಿಡಿದ. ದುರುಗಮ್ಮ ಪಕ್ಕದಲ್ಲಿ ಕೂತಳು. ತಾತ ಎಂದಿನಂತೆ ದಾರಿಗೆ ಮುಖ ಮಾಡಿ ಮುಂದೆ ಕೂತರು. ಹನುಮೇಶನಿಗೆ ಚುರುಕ್ಕೆಂದಿತು.

ಬೋಟು ಬಾಣ ಬಿಟ್ಟಂತೆ ಹೋಯಿತು. ತಿರುವಿನಲ್ಲಿ ಎಮ್ಮೆಬಂಡೆ ಎದುರಾಯಿತು. ಎಮ್ಮೆ ಮಲಗಿದಂತೆ ಅರ್ಧ ಬೆನ್ನು ಮಾತ್ರ ಮೇಲಿರುವ ಕರಿ ಬಂಡೆ.

ಹನುಮೇಶ ರೇಸ್ ಬಿಟ್ಟು ಸ್ಟೇರಿಂಗ್ ತಿರುಗಿಸಿದ. ಸ್ಟೇರಿಂಗ್ ತಿರುಗಿತು, ಬೋಟು ತಿರುಗಲಿಲ್ಲ. ನೆಟ್ಟಗೆ ಹೋಗಿ ಬಂಡೆಯ ಅಂಚಿಗೆ ಕರ್‍ರೆಂದು ಉಜ್ಜಿ, ವಾಲಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ದುರುಗಮ್ಮ ಮಾತ್ರ ತನ್ನದೇ ಮೊಣಕಾಲು ತರಚಿದವಳಂತೆ ಹಲ್ಲು ಕಚ್ಚಿದಳು.

ದಡಕ್ಕೆ ಬಂದ ಮೇಲೆ ಹನುಮೇಶ ನೋಟ್‌ಬುಕ್ಕು ತೆಗೆದ. “ಸ್ಟೇರಿಂಗ್ ಕೆಟ್ಟೈತ್ರಿ ತಾತ. ಈ ಬೋಟು ಬ್ಯಾಡ.”

“ಕೊಡೋದು ನಾನೂ ಬಿಟ್ಟೆ,” ಎಂದಳು ದುರುಗಮ್ಮ. “ಹತ್ತು ವರ್ಷದಾಗ ಇದಕ್ಕೊಂದು ಗೀರು ಬಿದ್ದಿರಲಿಲ್ಲ. ಇಂಥವನ ಕೈಗೆ ನಾ ಕೊಡಂಗಿಲ್ಲ.”

ಗಡ್ಡೆಯ ನಲವತ್ತು ಮನೆಗಳು ಹನುಮೇಶನ ಕಣ್ಣ ಮುಂದೆ ಬಂದವು. ಮಳೆಗಾಲಕ್ಕೆ ಉಳಿದಿದ್ದು ಹದಿನೈದು ದಿನ. ಆದರೂ ಸೋಲಲು ಮನಸ್ಸು ಬರಲಿಲ್ಲ.

“ತಾತ, ಬಂಡಿಗಲ್ಲು ಕಂಡ್ರ ಕೈ ತಡಿ ಅಂತ ನೀವ ಕಲಿಸೀರಿ. ನಾ ತಡದೆ. ತಪ್ಪು ಬೋಟಿಂದು.”

ತಾತ ಎದ್ದು ದುರುಗಮ್ಮನ ಎದುರು ಹೋಗಿ ಕೈ ಮುಗಿದರು.

“ತಂಗಿ, ಆ ಗೀರು ನಂದು. ಹುಟ್ಟು ಹಾಕೋನಿಗೆ ಕಲಿಸಿದ ಮಾತನ್ನ ಇವ ಇಲ್ಲಿಗೂ ಹೊತಗೊಂಡು ಬಂದಾನ. ನನಗ ಈ ಬೋಟು ಗೊತ್ತಿಲ್ಲ. ಇವನಿಗೆ ನೀನ ಕಲಿಸಬೇಕು.”

ಹನುಮೇಶನ ಮುಖಕ್ಕೆ ರಕ್ತ ನುಗ್ಗಿತು. ತಾತ ಯಾರ ಮುಂದೆಯೂ ತಲೆ ಬಗ್ಗಿಸಿದ್ದನ್ನು ಅವನು ನೋಡಿರಲಿಲ್ಲ. ಈಗ ಅವನಿಂದಾಗಿ ಬಗ್ಗಿಸಿದ್ದರು.

ನೋಟ್‌ಬುಕ್ಕನ್ನು ಮರಳಿನ ಮೇಲಿಟ್ಟು ಅವನೂ ಕೈ ಮುಗಿದ. “ಅಕ್ಕಾ, ನನಗ ತಿಳೀಲಿಲ್ಲ. ಹೇಳಿಕೊಡ್ರಿ.”

ದುರುಗಮ್ಮ ಬಹಳ ಹೊತ್ತು ಅವನನ್ನೇ ನೋಡಿದಳು. ಜಾಲರಿಯ ಕಂಬಿಗಳನ್ನು ಅವನು ನೋಡಿದ್ದೂ ಹಾಗೆಯೇ.

“ಇಲ್ಲಿ ಬಾ ತಮ್ಮ,” ಎಂದು ಬೋಟಿನ ಹಿಂಭಾಗಕ್ಕೆ ಕರೆದಳು. “ಈ ಬಾಯಿಂದ ನೀರು ಚಿಮ್ಮತೈತಿ. ಸ್ಟೇರಿಂಗ್ ತಿರುಗಿಸಿದ್ರ ಈ ಬಾಯಿ ತಿರುಗತೈತಿ. ನೀ ರೇಸ್ ಬಿಟ್ಟಿ, ನೀರು ನಿಂತಿತು. ನಿಂತ ನೀರು ಬೋಟನ್ನ ಹೆಂಗ ತಿರುಗಸ್ತೈತಿ?”

ಇಪ್ಪತ್ತೆರಡರಲ್ಲಿ ಇದನ್ನು ಅವನು ಬರೆದಿರಲಿಲ್ಲ.

“ಹಂಗಾದ್ರ ಬಂಡಿ ಎದುರು ಬಂದ್ರ?”

“ರೇಸ್ ಕೊಡಬೇಕು. ಹೆದರಿಕಿ ಆದಾಗಂತೂ ಕೈ ಬಿಡಬಾರದು. ಕೊಟ್ಟು ತಿರುಗಿಸು, ಅದು ನಿನ್ನ ಮಾತು ಕೇಳತೈತಿ.”

ಅವಳು ಅವನನ್ನು ಮೊದಲು ತೆರೆದ ನೀರಿಗೆ ಕರೆದೊಯ್ದಳು. ಬಂಡೆ ಇಲ್ಲದ ಕಡೆ ಬಂಡೆ ಇದೆ ಎಂದುಕೊಂಡು ತಿರುಗಿಸು ಎಂದಳು. ಹತ್ತು ಸಲ, ಇಪ್ಪತ್ತು ಸಲ. ಅವನ ಕೈ ಪ್ರತಿ ಸಲವೂ ಬಿಡಲು ನೋಡುತ್ತಿತ್ತು. ಪ್ರತಿ ಸಲವೂ ಅವಳು ಎಡಗೈಯಿಂದ ಅವನ ಮುಂಗೈಗೆ ಒಂದೇಟು ಹಾಕುತ್ತಿದ್ದಳು. ಕೊನೆಗೆ ಏಟುಗಳು ನಿಂತವು.

“ತಾತ,” ಎಂದು ದಡದತ್ತ ಕೂಗಿದಳು. “ನಿಮ್ಮ ಹುಡುಗನ್ನ ನೋಡೀನ್ರಿ. ದೋಷ ಇಲ್ಲ.”

ತಾತ ನಕ್ಕರು. ಪಂಚೆ ಮೇಲೆತ್ತಿ ನೀರಿಗಿಳಿದು ಬೋಟು ಹತ್ತಿದರು. ಹತ್ತಿದವರು ಎಂದಿನ ಜಾಗದಲ್ಲೇ ಕೂತರು. ಆದರೆ ಹೊಳೆಗೆ ಬೆನ್ನು ಹಾಕಿ, ಹನುಮೇಶನಿಗೆ ಮುಖ ಮಾಡಿ ಕೂತರು.

ಹನುಮೇಶ ಸ್ಟೇರಿಂಗ್ ಬಿಗಿಯಾಗಿ ಹಿಡಿದ. ಅವನು ರೇಸ್ ಕೊಟ್ಟ.

ಎಮ್ಮೆಬಂಡೆ ತಾತನ ತಲೆಯ ಹಿಂದೆ ದೊಡ್ಡದಾಗುತ್ತ ಬಂತು. ಆರು ವರ್ಷದ ಪಾಠವೆಲ್ಲ ಕೈ ತಡೆ ಎಂದು ಚೀರಿತು. ಹನುಮೇಶ ಇನ್ನಷ್ಟು ರೇಸ್ ಕೊಟ್ಟು ತಿರುಗಿಸಿದ. ಬೋಟು ಬಂಡೆಯ ಪಕ್ಕಕ್ಕೆ ವಾಲಿ, ತಾತನ ಬೆನ್ನನ್ನು ಪೂರ್ತಿ ತೋಯಿಸಿ, ಆಚೆಯ ನೀರಿಗೆ ಬಿತ್ತು. ತಾತ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ದುರುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನೀರೇ ಇರಬೇಕು.

“ತಾತ,” ಎಂದ ಹನುಮೇಶ, ಉಸಿರು ಸಿಕ್ಕ ಮೇಲೆ. “ಎಮ್ಮಿಬಂಡಿ ದಾಟಿದ್ವಿ!”

ತಾತ ಅವನ ಮುಖವನ್ನೇ ನೋಡುತ್ತಿದ್ದರು.

“ಯಾವ ಬಂಡಿ, ಅಂಬಿಗ?”